ಕಾಡಿಗಾಗಿ ಮನೆಮಂದಿ ನಡೆಸುವ ಇಕೋ ಲಾಡ್ಜ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಂದವರು ಜಗಲಿಯಲ್ಲಿ ಕೂತು ಕೇಳಿದ, ಪತ್ರದಲ್ಲಿ ಬರೆದ, ಫೋನ್ ಮಾಡಿ ವಿಚಾರಿಸಿದ ಪ್ರಶ್ನೆಗಳಿವು. ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ನಮ್ಮದು ಮಳೆಕಾಡಿನ ಅಂಚಿನ ಜಾಗ, ಹಾಗಾಗಿ ಉತ್ತರಗಳೂ ಹೆಚ್ಚಾಗಿ ಅಂಥ ಕಾಡಿಗೇ ಹೊಂದುವಂಥವು. ಸುಲಭದ ಪ್ರಶ್ನೆಗಳು ಮೊದಲು, ತಲೆನೋವಿನವು ಕೊನೆಗೆ. ಯಾವುದು ಬೇಕೋ ಅದನ್ನು ಮಾತ್ರ ಓದಿದರೂ ನಡೆಯುತ್ತದೆ.

## ಶುರು ಮಾಡುವ ಮುಂಚೆ

ಇಕೋ ಲಾಡ್ಜ್ ಅಂದ್ರೆ ಕಾಡಲ್ಲಿರೋ ರೆಸಾರ್ಟೇ ತಾನೇ? ಹೆಸರು ಮಾತ್ರ ಬೇರೆ, ಅಲ್ವಾ?

ಬಹಳ ಕಡೆ ಹಾಗೇ ಆಗಿದೆ. ಬಿದಿರಿನ ಚಾವಣಿ, ಹಸಿರು ಬೋರ್ಡು, ಹಿಂದುಗಡೆ ಈಜುಕೊಳ. ನಾನು ನೋಡುವುದು ಒಂದನ್ನೇ: ಈ ಲಾಡ್ಜ್ ನಾಳೆ ಮುಚ್ಚಿದರೆ ಕಾಡಿಗೆ ನಷ್ಟವಾಗುತ್ತದಾ, ಲಾಭವಾಗುತ್ತದಾ? ಕಾವಲು ನಿಲ್ಲುತ್ತದೆ, ಕಳೆ ಕೀಳುವವರು ಇರುವುದಿಲ್ಲ, ಜಾಗ ಮಾರಾಟಕ್ಕೆ ಬರುತ್ತದೆ ಅನ್ನುವಂತಿದ್ದರೆ ಅದು ನಿಜವಾದ ಇಕೋ ಲಾಡ್ಜ್. ಮುಚ್ಚಿದ ದಿನದಿಂದಲೇ ಹಳ್ಳದ ನೀರು ತಿಳಿಯಾಗುತ್ತದೆ, ಪ್ರಾಣಿ ವಾಪಸ್ ಬರುತ್ತವೆ ಅನ್ನುವಂತಿದ್ದರೆ ಬೋರ್ಡಿನಲ್ಲಿ ಏನು ಬರೆದಿದ್ದರೂ ರೆಸಾರ್ಟೇ. ಇಂಟರ್‌ನ್ಯಾಷನಲ್ ಇಕೋಟೂರಿಸಂ ಸೊಸೈಟಿ 1990ರಲ್ಲೇ ಎರಡು ಷರತ್ತು ಹಾಕಿತ್ತು. ಪರಿಸರ ಉಳಿಯಬೇಕು, ಅಲ್ಲಿನ ಜನರ ಬದುಕೂ ಸುಧಾರಿಸಬೇಕು. ಎರಡನೆಯದನ್ನು ತುಂಬಾ ಜನ ಮರೆಯುತ್ತಾರೆ.

ಎಷ್ಟು ಜಾಗ ಬೇಕು? ನಮ್ಮ ಹತ್ರ ಐದು ಎಕರೆ ಇದೆ, ಆಗುತ್ತಾ?

ಆಗುತ್ತದೆ. ಆದರೆ ಆ ಐದು ಎಕರೆ ಯಾವುದಕ್ಕೆ ಅಂಟಿಕೊಂಡಿದೆ ಅನ್ನುವುದು ಮುಖ್ಯ. ದೊಡ್ಡ ಕಾಡಿನ ಮಗ್ಗುಲಲ್ಲೋ, ಎರಡು ಕಾಡುತುಂಡುಗಳ ನಡುವೆಯೋ ಇದ್ದರೆ ಅಷ್ಟು ಜಾಗವೂ ಪ್ರಾಣಿಗಳಿಗೆ ದಾರಿಯಾಗುತ್ತದೆ. ಸುತ್ತಲೂ ಬಯಲಿದ್ದರೆ ಕಷ್ಟ. ಬ್ರೆಜಿಲ್‌ನ ಮನಾಸ್ ಹತ್ತಿರ ಥಾಮಸ್ ಲವ್‌ಜಾಯ್ ಅನ್ನುವ ಜೀವವಿಜ್ಞಾನಿ 1979ರಲ್ಲಿ ಶುರು ಮಾಡಿದ ಅಧ್ಯಯನದಲ್ಲಿ 1, 10, 100 ಹೆಕ್ಟೇರ್ ಅಳತೆಯ ಕಾಡುತುಂಡುಗಳನ್ನು ವರ್ಷಗಟ್ಟಲೆ ಗಮನಿಸಿದರು. ಅಂಚಿನಿಂದ 100 ಮೀಟರ್ ಒಳಗಿನವರೆಗೂ ಬಿಸಿಲು, ಗಾಳಿಯ ಹೊಡೆತಕ್ಕೆ ದೊಡ್ಡ ಮರಗಳು ಜಾಸ್ತಿ ಸಾಯುತ್ತಿದ್ದವು. ಈಗ ನಿಮ್ಮ ಐದು ಎಕರೆ ಲೆಕ್ಕ ಹಾಕಿ. ಚೌಕವಾಗಿದ್ದರೆ ಒಂದು ಬದಿ ಸುಮಾರು 140 ಮೀಟರ್. ನಟ್ಟನಡುವೆ ನಿಂತರೂ ಅಂಚು ಬರೀ 70 ಮೀಟರ್ ದೂರ. ಅಂದರೆ ಒಳಕಾಡು ಅನ್ನುವುದೇ ಇಲ್ಲ, ಎಲ್ಲಾ ಅಂಚೇ. ಹಾಗಿದ್ದಾಗ ಅಕ್ಕಪಕ್ಕದವರನ್ನೂ ಜೊತೆಗೆ ಸೇರಿಸಿಕೊಳ್ಳದೆ ಮುಂದೆ ಹೋಗಬೇಡಿ.

ಎಷ್ಟು ಕೋಣೆ ಕಟ್ಟಿದ್ರೆ ಲಾಭ?

ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ. ಎಷ್ಟು ಕೋಣೆಯನ್ನು ನಿಮ್ಮ ಹಳ್ಳ ತಡೆದುಕೊಳ್ಳುತ್ತದೆ?

ನಾವು ಮಾಡಿದ್ದು ಇಷ್ಟೇ. ಬೇಸಿಗೆಯ ಕೊನೆಯಲ್ಲಿ, ಇನ್ನೇನು ಮಳೆ ಬರಬೇಕು ಅನ್ನುವ ಹೊತ್ತಿಗೆ, ಹಳ್ಳದ ನೀರೆಲ್ಲ ಒಂದು ಪೈಪಿನಿಂದ ಬೀಳುವ ಹಾಗೆ ಕಲ್ಲು ಮಣ್ಣಿನ ಸಣ್ಣ ಒಡ್ಡು ಹಾಕಿ, ಕೆಳಗೆ 20 ಲೀಟರ್ ಬಕೆಟ್ ಹಿಡಿದು ಗಡಿಯಾರ ನೋಡಿದೆವು. ಬಕೆಟ್ ತುಂಬಲು 80 ಸೆಕೆಂಡು. ದಿನಕ್ಕೆ 86,400 ಸೆಕೆಂಡು, ಅಂದರೆ 1,080 ಬಕೆಟ್, 21,600 ಲೀಟರ್. ಕೇಳಲು ಬಹಳ ಅನ್ನಿಸುತ್ತದೆ. ಆದರೆ ಅದು ಕಪ್ಪೆ, ಏಡಿ, ಮೀನಿನ ನೀರು, ಕೆಳಗಿನವರ ನೀರು. ಅದರಲ್ಲಿ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಮುಟ್ಟಬಾರದು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಿದೆವು. ಆಗ ಸಿಗುವುದು 2,160 ಲೀಟರ್. ತಲೆಗೆ 120 ಲೀಟರ್ ಹಿಡಿದರೆ 18 ಜನ. ಮನೆಯವರು, ಕೆಲಸದವರು ಸೇರಿ ಆರು ಮಂದಿ ಇದ್ದೇವೆ. ಉಳಿದದ್ದು ಹನ್ನೆರಡು. ಆರು ಕೋಣೆ, ಮುಗಿಯಿತು.

ಹತ್ತನೇ ಒಂದು ಅನ್ನುವುದು ಯಾವ ಕಾನೂನೂ ಅಲ್ಲ, ನಮ್ಮ ಮನೆಯ ನಿಯಮ. ನಿಮ್ಮದು ಬೇರೆ ಇರಬಹುದು. ಅಳತೆ ಮಾತ್ರ ಕಡು ಬೇಸಿಗೆಯಲ್ಲೇ ಆಗಬೇಕು. ಮಳೆಗಾಲದಲ್ಲಿ ಹಳ್ಳ ನೋಡಿ ಇಪ್ಪತ್ತು ಕೋಣೆ ಕಟ್ಟಿದವರು ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆ.

ಇದರಿಂದ ಸಂಸಾರ ನಡೆಯುತ್ತಾ, ನಿಜ ಹೇಳಿ.

ನಡೆಯುತ್ತದೆ, ಶ್ರೀಮಂತರಾಗುವುದಿಲ್ಲ. ಮಳೆ ಜೋರಾದ ತಿಂಗಳುಗಳಲ್ಲಿ ಜನ ಬರುವುದಿಲ್ಲ, ಬಂದರೂ ಜಾರುವ ಕಾಲುದಾರಿಯಲ್ಲಿ ಕರೆದೊಯ್ಯಲು ಆಗುವುದಿಲ್ಲ. ಆನ್‌ಲೈನ್ ಬುಕಿಂಗ್ ಕಂಪನಿಗಳ ಮೂಲಕ ಬಂದರೆ ಬಾಡಿಗೆಯಲ್ಲಿ ಶೇ. 15ರಿಂದ 20ರಷ್ಟು ಕಮಿಷನ್‌ಗೆ ಹೋಗುವುದು ಸಾಮಾನ್ಯ. ಹಾಗಾಗಿ ಸಾಲ ಮಾಡುವ ಮುಂಚೆ ಒಂದು ಲೆಕ್ಕ ಹಾಕಿ. ವರ್ಷದ ಮೂರನೇ ಒಂದು ದಿನ ಮಾತ್ರ ಕೋಣೆ ತುಂಬಿದರೂ ಕಂತು ಕಟ್ಟಬಹುದಾ? ಆಗದಿದ್ದರೆ ಸಾಲ ಕಡಿಮೆ ಮಾಡಿ, ಕೋಣೆ ಜಾಸ್ತಿ ಮಾಡಬೇಡಿ.

ಇನ್ನೊಂದು. ಬಾಡಿಗೆ ಬಂದ ದಿನವೇ ಕಾಡಿನ ಪಾಲು ತೆಗೆದು ಬೇರೆ ಖಾತೆಗೆ ಹಾಕಿ. ಖರ್ಚು ಕಳೆದು ಉಳಿದದ್ದು ಕಾಡಿಗೆ ಅಂದರೆ ಯಾವತ್ತೂ ಉಳಿಯುವುದಿಲ್ಲ. ಕೃಷಿಯೋ, ಬೇರೆ ಕೆಲಸವೋ, ಎರಡನೇ ಆದಾಯವೊಂದು ಇರಲೇಬೇಕು. 2020ರಲ್ಲಿ ಕೋವಿಡ್ ಬಂದು ಪ್ರಪಂಚದ ಎಲ್ಲಾ ಲಾಡ್ಜ್‌ಗಳೂ ಒಟ್ಟಿಗೆ ಖಾಲಿಯಾದಾಗ ಪ್ರವಾಸಿಗರನ್ನೇ ನಂಬಿದ ಕಡೆ ಕಾವಲುಗಾರರ ಸಂಬಳವೂ ನಿಂತಿತು.

ಯಾವ ಯಾವ ಪರ್ಮಿಷನ್ ಬೇಕು?

ದೇಶದಿಂದ ದೇಶಕ್ಕೆ ಬೇರೆ, ಕೆಲವು ಕಡೆ ಜಿಲ್ಲೆಯಿಂದ ಜಿಲ್ಲೆಗೂ ಬೇರೆ. ಕೇಳಬೇಕಾದ್ದು ನಾಲ್ಕು: ಈ ಜಮೀನಿನಲ್ಲಿ ತಂಗುವ ವ್ಯವಹಾರ ಮಾಡಬಹುದಾ, ಹಳ್ಳದ ನೀರು ತೆಗೆಯಬಹುದಾ, ಕೊಳಚೆ ನೀರಿಗೆ ಏನು ನಿಯಮ, ಮತ್ತು ಪಕ್ಕದ ರಕ್ಷಿತ ಕಾಡಿನ ಗಡಿಯಿಂದ ಎಷ್ಟು ದೂರ ಬಿಡಬೇಕು. ಅಡಿಪಾಯ ತೋಡುವ ಮುಂಚೆ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಅಧಿಕಾರಿಗೆ ವರ್ಗವಾಗುವವರೆಗೆ ಮಾತ್ರ.

## ಕಟ್ಟಡ, ನೀರು, ಕರೆಂಟು

ಒಳ್ಳೆ ವ್ಯೂ ಇರೋ ಕಡೆ ಕಟ್ಟೋದು ಬಿಟ್ಟು ಈ ಮೂಲೆಯಲ್ಲಿ ಯಾಕೆ ಕಟ್ಟಿದ್ರಿ?

ಒಳ್ಳೆ ವ್ಯೂ ಇರುವ ಕಡೆ ಆಗಲೇ ಯಾರೋ ವಾಸವಿರುತ್ತಾರೆ. ಹಳ್ಳದ ದಂಡೆ, ಗುಡ್ಡದ ನೆತ್ತಿ, ದೊಡ್ಡ ಮರದ ಬುಡ, ಇವು ಮೂರನ್ನೂ ಬಿಡಬೇಕು. ಮೊದಲೇ ಕಡಿದು ಹಾಳಾದ ಜಾಗ ಇದ್ದೇ ಇರುತ್ತದೆ, ಹಳೆ ಕೊಟ್ಟಿಗೆ, ಪಾಳು ಗದ್ದೆ, ಅಲ್ಲಿ ಕಟ್ಟಿ. ಕೋಣೆಗಳನ್ನು ಕಾಡಿನ ತುಂಬಾ ಚೆಲ್ಲಾಡಬೇಡಿ. ಒಂದೊಂದು ಕೋಣೆಗೂ ಒಂದೊಂದು ದಾರಿ, ಒಂದೊಂದು ದೀಪ, ಒಂದೊಂದು ಪೈಪು ಬೇಕಾಗುತ್ತದೆ. ಒತ್ತೊತ್ತಾಗಿ ಕಟ್ಟಿದರೆ ಅತಿಥಿಗೆ ಪಕ್ಕದ ಕೋಣೆಯ ಕೆಮ್ಮು ಕೇಳಿಸಬಹುದು, ಪರವಾಗಿಲ್ಲ.

ಟಾಯ್ಲೆಟ್ ನೀರೆಲ್ಲ ಎಲ್ಲಿಗೆ ಹೋಗುತ್ತೆ?

ಈ ಪ್ರಶ್ನೆ ಕೇಳುವ ಅತಿಥಿ ಕಂಡರೆ ನನಗೆ ಖುಷಿ. ಕೋಣೆಯ ಹಾಸಿಗೆಗಿಂತ ಇದನ್ನೇ ಮೊದಲು ನೋಡಬೇಕು.

ಕಕ್ಕಸಿನ ನೀರು ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕಿನಲ್ಲಿ ಗಸಿ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ ಮುಂದೆ ಹರಿಯುತ್ತದೆ. ಆ ನೀರು ಇನ್ನೂ ಶುದ್ಧವಾಗಿರುವುದಿಲ್ಲ. ಜಲ್ಲಿ ತುಂಬಿದ ಉದ್ದನೆಯ ತೊಟ್ಟಿಯಲ್ಲಿ ಜೊಂಡು, ಕಾಬಾಳೆ ಥರದ ಗಿಡ ನೆಟ್ಟು ಅದರ ಬೇರುಗಳ ನಡುವೆ ನಿಧಾನ ಹರಿಸಬೇಕು. ಬೇರು, ಜಲ್ಲಿಗೆ ಅಂಟಿದ ಬ್ಯಾಕ್ಟೀರಿಯಾಗಳೇ ಉಳಿದ ಕೊಳೆ ತಿನ್ನುತ್ತವೆ. ಅಡುಗೆಮನೆ ನೀರಿಗೆ ಮುಂಚೆಯೇ ಒಂದು ಜಿಡ್ಡಿನ ಗುಂಡಿ ಬೇಕು. ಇಲ್ಲದಿದ್ದರೆ ಎಣ್ಣೆ ಕಟ್ಟಿಕೊಂಡು ಜಲ್ಲಿ ತೊಟ್ಟಿ ಬೇಗ ಮುಚ್ಚಿಹೋಗುತ್ತದೆ. ಬಾವಿ, ಹಳ್ಳದಿಂದ ಕನಿಷ್ಠ 30 ಮೀಟರ್ ದೂರ ಇಡಿ. ಕಲ್ಲುಬಂಡೆಯ ಬಿರುಕಿರುವ ನೆಲವಾದರೆ ಇನ್ನೂ ದೂರ. ಫಿನಾಯಿಲ್, ಬ್ಲೀಚು ಸುರಿದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ಕೆಲಸಕ್ಕೆ ಹೊಸಬರು ಬಂದಾಗ ಮೊದಲು ಹೇಳಿಕೊಡುವ ಪಾಠವೇ ಇದು, ಯಾಕಂದರೆ ಘಮಘಮ ವಾಸನೆ ಬಂದರೆ ಮಾತ್ರ ಕ್ಲೀನಾಯಿತು ಅಂತ ಎಲ್ಲರ ತಲೆಯಲ್ಲೂ ಕೂತಿರುತ್ತದೆ.

ಸೋಲಾರ್ ಹಾಕಿದ್ರೆ ಸಾಕಲ್ವಾ?

ಮರದ ನೆರಳು ಪ್ಯಾನೆಲ್‌ನ ಒಂದು ಮೂಲೆಗೆ ಬಿದ್ದರೂ ಕರೆಂಟು ದೊಡ್ಡ ಪ್ರಮಾಣದಲ್ಲಿ ಇಳಿಯುತ್ತದೆ. ಪ್ಯಾನೆಲ್‌ಗೋಸ್ಕರ ಮರ ಕಡಿದರೆ ಮುಗಿಯಿತು ಕಥೆ. ಕಟ್ಟಡ ಬಯಲಿನ ಕಡೆ ಇದ್ದರೆ ಸೋಲಾರ್ ಸರಿ. ಮಳೆಗಾಲಕ್ಕೆ ಮಾತ್ರ ಅದೊಂದೇ ಸಾಲದು.

ಆಗ ಹಳ್ಳ ಸಹಾಯಕ್ಕೆ ಬರುತ್ತದೆ. ಸೆಕೆಂಡಿಗೆ 5 ಲೀಟರ್ ನೀರು 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದು ಸಣ್ಣ ಟರ್ಬೈನ್ ತಿರುಗಿಸಿದರೆ, ಅರ್ಧ ನಷ್ಟವಾದರೂ, ಸುಮಾರು 490 ವಾಟ್ ಸಿಗುತ್ತದೆ. ಹಗಲು ರಾತ್ರಿ ಓಡುವುದರಿಂದ ದಿನಕ್ಕೆ ಹನ್ನೆರಡು ಯೂನಿಟ್ ಹತ್ತಿರ ಬರುತ್ತದೆ. ಬಿಸಿಲಿಲ್ಲದ ಕಾಲಕ್ಕೇ ನೀರು ಜಾಸ್ತಿ ಇರುವುದು ಒಳ್ಳೆಯದೇ ಆಯಿತು. ಬೇಸಿಗೆ ಬಂದ ಕೂಡಲೇ ಟರ್ಬೈನ್ ಬಂದ್ ಮಾಡಿ ಹಳ್ಳವನ್ನು ಅದರ ಪಾಡಿಗೆ ಬಿಡಬೇಕು. ಇಷ್ಟೆಲ್ಲ ಇದ್ದರೂ ಎಸಿ, ಗೀಜರ್ ಓಡುವುದಿಲ್ಲ. ಅದನ್ನು ಬುಕಿಂಗ್ ಹೊತ್ತಿನಲ್ಲೇ ಹೇಳಿಬಿಡಿ.

ರಾತ್ರಿ ಯಾಕೆ ಇಷ್ಟು ಕತ್ತಲೆ ಇಟ್ಟಿದ್ದೀರಿ? ಹೆದರಿಕೆ ಆಗುತ್ತೆ.

ಮಿಣುಕುಹುಳಗಳು ಜೋಡಿ ಹುಡುಕುವುದು ಬೆಳಕಿನ ಸನ್ನೆಯಿಂದ. ಬಿಳಿ ದೀಪ ಹಾಕಿದರೆ ಆ ಸನ್ನೆ ಒಂದಕ್ಕೊಂದು ಕಾಣುವುದಿಲ್ಲ. ಪತಂಗಗಳು ದೀಪ ಸುತ್ತಿ ಸುತ್ತಿ ಸುಸ್ತಾಗಿ ಬೆಳಗ್ಗೆ ಹಕ್ಕಿ ಬಾಯಿಗೆ ಬೀಳುತ್ತವೆ. ಅದಕ್ಕೇ 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಅಥವಾ ಇನ್ನೂ ಕಡಿಮೆಯ ಹಳದಿ ಬಲ್ಬು, ಮೇಲೆ ಮುಚ್ಚಳ, ಬೆಳಕು ಕಾಲ ಬುಡಕ್ಕೆ ಮಾತ್ರ. ನಡೆದಾಡಲು ಟಾರ್ಚು ಕೊಡುತ್ತೇವೆ. ಹತ್ತು ನಿಮಿಷ ಸುಮ್ನೆ ಕೂತರೆ ಕಣ್ಣು ಹೊಂದಿಕೊಳ್ಳುತ್ತದೆ.

ಗಾಜಿನ ಮೇಲೆ ಇದೇನು ಚುಕ್ಕಿ ಚುಕ್ಕಿ?

ಹಕ್ಕಿಗಳಿಗೆ. ಗಾಜಿನಲ್ಲಿ ಮರದ ಬಿಂಬ ಕಂಡು ಅದನ್ನೇ ಮರ ಅಂದುಕೊಂಡು ಹಾರಿ ಬಂದು ಬಡಿದು ಸಾಯುತ್ತವೆ. ಅಮೆರಿಕ ಒಂದರಲ್ಲೇ ವರ್ಷಕ್ಕೆ ನೂರು ಕೋಟಿವರೆಗೆ ಹಕ್ಕಿಗಳು ಹೀಗೆ ಸಾಯಬಹುದು ಅನ್ನುವ ಅಂದಾಜಿದೆ. ಚುಕ್ಕಿಗಳು ಗಾಜಿನ ಹೊರಮೈಯಲ್ಲಿರಬೇಕು, ಒಂದಕ್ಕೊಂದು 5 ಸೆಂಟಿಮೀಟರ್‌ಗಿಂತ ದೂರ ಇರಬಾರದು. ಗಿಡುಗದ ಸ್ಟಿಕ್ಕರ್ ಒಂದನ್ನೇ ಅಂಟಿಸುವುದರಿಂದ ಏನೂ ಪ್ರಯೋಜನವಿಲ್ಲ, ಅದರ ಪಕ್ಕದಲ್ಲೇ ಬಂದು ಬಡಿಯುತ್ತವೆ.

## ಅತಿಥಿಗಳು

ಪ್ರಾಣಿ ಕಾಣಿಸುತ್ತೆ ಅಂತ ಗ್ಯಾರಂಟಿ ಇದೆಯಾ?

ಇಲ್ಲ. ಗ್ಯಾರಂಟಿ ಕೊಡುವ ಜಾಗಗಳಲ್ಲಿ ಏನೋ ಒಂದು ತಪ್ಪು ನಡೆಯುತ್ತಿರುತ್ತದೆ. ದಟ್ಟ ಕಾಡಿನಲ್ಲಿ ದೊಡ್ಡ ಪ್ರಾಣಿಗಿಂತ ಅದರ ಗುರುತು ಸಿಗುವುದೇ ಜಾಸ್ತಿ: ಹೆಜ್ಜೆ, ಲದ್ದಿ, ಮರದ ಮೇಲಿನ ಉಗುರು ಗೀರು. ಅದನ್ನು ಓದಲು ಕಲಿಸುವ ಗೈಡ್ ಇದ್ದರೆ ಅತಿಥಿಗೆ ಬೇಜಾರಾಗುವುದಿಲ್ಲ. ಫೋಟೋಗಾಗಿ ಮಾತ್ರ ಬರುವವರಿಗೆ ನಾವೇ ಬೇರೆ ಜಾಗ ಹೇಳಿ ಕಳಿಸುತ್ತೇವೆ.

ಸ್ವಲ್ಪ ಹಣ್ಣು ಹಾಕಿದ್ರೆ ಹಕ್ಕಿ, ಕೋತಿ ಎಲ್ಲಾ ಹತ್ತಿರ ಬರುತ್ತಲ್ವಾ? ಯಾಕೆ ಬೇಡ?

ಕೋತಿಗೆ ಖಂಡಿತ ಬೇಡ. ಒಮ್ಮೆ ರುಚಿ ಹತ್ತಿತು ಅಂದರೆ ಕೈಯಿಂದ ಕಿತ್ತುಕೊಳ್ಳುತ್ತದೆ, ಅಡುಗೆಮನೆಗೆ ನುಗ್ಗುತ್ತದೆ, ಕೊನೆಗೆ ಅದೇ ಕೋತಿಯನ್ನು ಹಿಡಿಸಿ ಅಂತ ಜನ ಹಠ ಹಿಡಿಯುತ್ತಾರೆ. ನಮ್ಮ ಕಾಯಿಲೆ ಅದಕ್ಕೆ, ಅದರದ್ದು ನಮಗೆ.

ಹಕ್ಕಿಯ ವಿಷಯ ಅಷ್ಟು ಸಲೀಸಲ್ಲ. ಈಕ್ವೆಡಾರ್‌ನಲ್ಲಿ ಪಾಸ್ ದೆ ಲಾಸ್ ಆವೆಸ್ ಅನ್ನುವ ಒಂದು ಕುಟುಂಬದ ಕಾಡಿದೆ. ಮೊದಲು ಮರ ಕಡಿಯುತ್ತಿದ್ದ ರೈತ, ಜೈಂಟ್ ಆಂಟ್‌ಪಿಟ್ಟಾ ಅನ್ನುವ ಬಹಳ ನಾಚಿಕೆಯ ಹಕ್ಕಿಗೆ ಎರೆಹುಳ ಹಾಕಿ ಅಭ್ಯಾಸ ಮಾಡಿಸಿದರು. ಅದಕ್ಕೆ ಮರಿಯಾ ಅಂತ ಹೆಸರಿಟ್ಟರು. ಅದನ್ನು ನೋಡಲು ಪ್ರಪಂಚದ ಮೂಲೆಮೂಲೆಯಿಂದ ಹಕ್ಕಿಪ್ರಿಯರು ಬಂದರು, ಕಾಡು ಉಳಿಯಿತು. ಹಾಗಾಗಿ ಎಲ್ಲರಿಗೂ ಎಲ್ಲಾ ಕಡೆಯೂ ತಪ್ಪು ಅಂತ ನಾನು ಹೇಳಲಾರೆ. ಆದರೆ ಅಲ್ಲಿ ಹುಳ ಹಾಕುವವರು ಆ ಹಕ್ಕಿಯನ್ನು ದಿನಾ ಬೆಳಗ್ಗೆ ನೋಡಿ ಬಲ್ಲವರು. ಪ್ರತಿ ಅತಿಥಿಯ ಕೈಗೂ ಬಾಳೆಹಣ್ಣು ಕೊಡುವುದು ಬೇರೆ ಮಾತು. ನಾವು ಹಣ್ಣು ಬಿಡುವ ಕಾಡುಮರ ನೆಟ್ಟಿದ್ದೇವೆ, ತಾವಾಗಿ ಬಂದಾಗ ನೋಡುತ್ತೇವೆ. ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಇಲ್ಲಿ ಇಲ್ಲ. ಗಂಡುಹಕ್ಕಿ ತನ್ನ ಜಾಗಕ್ಕೆ ಬೇರೆಯವನು ಬಂದ ಅಂತ ಗೂಡು, ಮರಿ ಬಿಟ್ಟು ಜಗಳಕ್ಕೆ ಬರುತ್ತದೆ, ಕಾಣದ ಶತ್ರುವನ್ನು ಹುಡುಕಿ ಸುಮ್ನೆ ದಣಿಯುತ್ತದೆ.

ಪಾರ್ಟಿ ಮಾಡಬಹುದಾ? ಸ್ಪೀಕರ್ ನಾವೇ ತರ್ತೀವಿ.

ಬೇಡ. ಡ್ರೋನ್ ಕೂಡ ಬೇಡ.

ಚಿಕ್ಕ ಮಕ್ಕಳಿದ್ದಾರೆ. ಹಾವು, ಇಂಬಳ ಎಲ್ಲಾ ಇದೆಯಾ?

ಎರಡೂ ಇವೆ. ಇಂಬಳ ಕಚ್ಚಿದರೆ ರಕ್ತ ಹೆಪ್ಪುಗಟ್ಟದಂತೆ ಒಂದು ರಸ ಬಿಡುತ್ತದೆ, ಅದಕ್ಕೇ ತುಂಬಾ ಹೊತ್ತು ಸೋರುತ್ತಿರುತ್ತದೆ, ನೋಡಲು ಭಯವಾಗುತ್ತದೆ ಅಷ್ಟೇ. ಉಗುರಿನಿಂದ ಪಕ್ಕಕ್ಕೆ ತಳ್ಳಿ ತೆಗೆದು, ಸೋಪು ನೀರಿನಲ್ಲಿ ತೊಳೆಯಿರಿ. ಮಕ್ಕಳು ಅರ್ಧ ದಿನದಲ್ಲಿ ಹೊಂದಿಕೊಳ್ಳುತ್ತಾರೆ, ಅಪ್ಪ ಅಮ್ಮಂದಿರದ್ದೇ ಕೂಗಾಟ ಜಾಸ್ತಿ.

ಹಾವಿನ ವಿಷಯದಲ್ಲಿ ತಮಾಷೆ ಇಲ್ಲ. ಲಾಡ್ಜ್ ನಡೆಸುವವರು ಮೊದಲ ಅತಿಥಿ ಬರುವ ಮುಂಚೆಯೇ ವಿಷ ಇಳಿಸುವ ಔಷಧಿ ಯಾವ ಆಸ್ಪತ್ರೆಯಲ್ಲಿ ನಿಜವಾಗಿ ಸ್ಟಾಕ್ ಇರುತ್ತದೆ ಅಂತ ಖುದ್ದಾಗಿ ಹೋಗಿ ಕೇಳಿರಬೇಕು. ರಾತ್ರಿ ಹೊತ್ತು ಅಲ್ಲಿಗೆ ತಲುಪಲು ಎಷ್ಟು ಸಮಯ ಬೇಕು ಅಂತ ಗಾಡಿ ಓಡಿಸಿ ನೋಡಿರಬೇಕು. ಕಚ್ಚಿದ ಜಾಗ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ಅಲ್ಲಾಡಿಸದೆ ಮಲಗಿಸಿ, ಉಂಗುರ ಬಳೆ ತೆಗೆದು, ನೇರ ಆಸ್ಪತ್ರೆಗೆ. ಹಾವನ್ನು ಹಿಡಿದು ತರಲು ಹೋಗಬೇಡಿ.

ಶೂ ತೊಳೆದೇ ಒಳಗೆ ಬನ್ನಿ ಅಂತೀರಲ್ಲ, ಕಾಡಿಗೆ ಹೋಗೋಕೂ ಮಡಿನಾ?

ಕಪ್ಪೆಗಳಿಗಾಗಿ. ಕಿಟ್ರಿಡ್ ಅನ್ನುವ ಒಂದು ಜಾತಿಯ ಶಿಲೀಂಧ್ರ ಕಪ್ಪೆಯ ಚರ್ಮಕ್ಕೆ ಅಂಟಿ ಕೊಲ್ಲುತ್ತದೆ. ಅದನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟದ್ದು 1999ರಲ್ಲಿ. ಅಷ್ಟರಲ್ಲಿ ಎಷ್ಟೋ ಕಾಡುಗಳಲ್ಲಿ ಕಪ್ಪೆಗಳ ಕೂಗು ನಿಂತಿತ್ತು. ಒದ್ದೆ ಮಣ್ಣಿನ ಜೊತೆ ಅದು ಶೂನಲ್ಲಿ ಪ್ರಯಾಣ ಮಾಡಬಲ್ಲದು, ಕಳೆಗಿಡದ ಬೀಜವೂ ಅಷ್ಟೇ. ಮಣ್ಣು ಪೂರ್ತಿ ಉಜ್ಜಿ ತೊಳೆದು, ಸೋಂಕುನಾಶಕದಲ್ಲಿ ಅದ್ದಿ, ಚೆನ್ನಾಗಿ ಒಣಗಿಸಬೇಕು. ಈ ಕೆಲಸ ಹಳ್ಳದಿಂದ ದೂರ ಮಾಡಿಸಿ.

ಫೋಟೋ ಹಾಕೋದ್ರಲ್ಲೇನು ತಪ್ಪು? ನಿಮಗೇ ಪ್ರಚಾರ ಅಲ್ವಾ?

ಫೋಟೋ ಹಾಕಿ, ಜಾಗ ಹಾಕಬೇಡಿ. ಮೊಬೈಲ್ ಫೋಟೋದ ಒಳಗೆ ಅದು ತೆಗೆದ ಜಾಗದ ಅಕ್ಷಾಂಶ ರೇಖಾಂಶ ಸೇರಿಕೊಂಡಿರಬಹುದು. ಗೂಡು, ಬಿಲ, ಅಪರೂಪದ ಆರ್ಕಿಡ್ ಎಲ್ಲಿದೆ ಅಂತ ಕದಿಯುವವರಿಗೆ ನಾವೇ ನಕ್ಷೆ ಕೊಟ್ಟಂತಾಗುತ್ತದೆ. ಕಂಡ ಜೀವಿಗಳ ಫೋಟೋ ಹಾಕುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಅಳಿವಿನ ಅಂಚಿನ ಜೀವಿಗಳ ಜಾಗವನ್ನು ತಾನಾಗಿಯೇ ಮಸುಕು ಮಾಡಿ ತೋರಿಸುತ್ತಾರೆ. ಉಳಿದ ಕಡೆ ನೀವೇ ಲೊಕೇಶನ್ ಆಫ್ ಮಾಡಬೇಕು.

## ಕಾಡಿನ ಕೆಲಸ

ವರ್ಷಕ್ಕೆ ಎಷ್ಟು ಗಿಡ ನೆಡ್ತೀರಿ?

ಬಂದವರೆಲ್ಲ ಕೇಳುವ ಪ್ರಶ್ನೆ, ಮತ್ತು ನಮ್ಮ ಉತ್ತರ ಕೇಳಿ ಎಲ್ಲರಿಗೂ ನಿರಾಸೆ. ತೀರಾ ಕಡಿಮೆ.

ಪಕ್ಕದಲ್ಲಿ ಹಳೆ ಕಾಡಿದ್ದು, ಮಣ್ಣು ಪೂರ್ತಿ ಸತ್ತಿರದಿದ್ದರೆ ಕಾಡು ತಾನೇ ಬರುತ್ತದೆ. ಮಳೆಕಾಡಿನ ಬಹುಪಾಲು ಮರಗಳ ಬೀಜ ಹರಡುವುದು ಹಕ್ಕಿ, ಬಾವಲಿ, ಪ್ರಾಣಿಗಳೇ. ನಾವು ಮಾಡಬೇಕಾದ್ದು ತಡೆಯುವುದನ್ನು ತಡೆಯುವುದು: ಬೆಂಕಿ ಬರದ ಹಾಗೆ ಬೆಂಕಿಗೆರೆ ಬಿಡಿಸುವುದು, ದನ ನುಗ್ಗದ ಹಾಗೆ ಬೇಲಿ, ಎಳೆ ಸಸಿಯ ಸುತ್ತಲಿನ ಹುಲ್ಲು ತುಳಿದು ಮಲಗಿಸುವುದು, ಒಣಗಿ ನಿಂತ ಮರ ಕಡಿಯದೆ ಬಿಡುವುದು. ಅದರ ಪೊಟರೆಯಲ್ಲಿ ಗೂಡು, ತುದಿಯಲ್ಲಿ ಕೂರುವ ಹಕ್ಕಿಯ ಹಿಕ್ಕೆಯಲ್ಲಿ ಬೀಜ. ಅಂಥ ಒಂದು ಮರದ ಬುಡದಲ್ಲಿ ಒಮ್ಮೆ ಬಗ್ಗಿ ನೋಡಿ, ಹುಲ್ಲಿನ ನಡುವೆ ನಾವ್ಯಾರೂ ನೆಡದ ಹಲವು ಜಾತಿಯ ಸಸಿಗಳು ಒತ್ತಾಗಿ ಎದ್ದಿರುತ್ತವೆ.

2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಬಿಟ್ಟುಬಿಟ್ಟ ಜಮೀನಿನಲ್ಲಿ ತಾನಾಗಿ ಎದ್ದ ಉಷ್ಣವಲಯದ ಕಾಡು 20 ವರ್ಷದಲ್ಲಿ ಸರಾಸರಿ ಹಳೆ ಕಾಡಿನ ಶೇ. 78ರಷ್ಟು ಮಟ್ಟಕ್ಕೆ ಬರುತ್ತದೆ. ಎಲ್ಲವೂ ಒಂದೇ ವೇಗದಲ್ಲಿ ಅಲ್ಲ. ಮಣ್ಣು ಹತ್ತು ವರ್ಷದೊಳಗೆ ಚೇತರಿಸುತ್ತದೆ, ಮರಗಳ ಒಟ್ಟು ತೂಕ ಮತ್ತು ಹಳೆ ಕಾಡಿನಲ್ಲಿದ್ದ ಅದೇ ಮರಜಾತಿಗಳ ಕೂಟ ಮರಳಲು 120 ವರ್ಷಕ್ಕೂ ಜಾಸ್ತಿ ಬೇಕು. ಗಿಡ ನೆಡುವ ಫೋಟೋಗೆ ಸಿಗುವ ಲೈಕು ಬೇಲಿ ರಿಪೇರಿ ಫೋಟೋಗೆ ಸಿಗುವುದಿಲ್ಲ, ಏನು ಮಾಡುವುದು.

ನೆಡಲೇಬೇಕಾದ ಕಡೆಯೂ ಇದೆ. ಗಟ್ಟಿಯಾಗಿ ತುಳಿದುಹೋದ ನೆಲ, ಬೀಜ ಹೊತ್ತು ತರುವ ದೊಡ್ಡ ಹಕ್ಕಿಗಳು ಮಾಯವಾದ ಕಾಡು. ಅಲ್ಲಿ ಹತ್ತಿರದ ಕಾಡಿನ ಬೀಜದಿಂದಲೇ ಸಸಿ ಮಾಡಿ ನೆಡಿ.

ಲಂಟಾನ ಕಿತ್ತಷ್ಟೂ ಬರುತ್ತೆ. ಏನು ಮಾಡೋದು?

ಕಡಿದರೆ ಬುಡದಿಂದ ದುಪ್ಪಟ್ಟು ಚಿಗುರುತ್ತದೆ, ಸುಟ್ಟರೆ ಇನ್ನೂ ಜೋರು. ಕಾಂಡ ಬೇರಿಗೆ ಸೇರುವ ಜಾಗದ ಸ್ವಲ್ಪ ಕೆಳಗೆ, ಮಣ್ಣಿನೊಳಗೆ, ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಇಟ್ಟು ಒಣಗಲು ಬಿಡಿ. ಚಿಗುರುವ ಶಕ್ತಿ ಆ ಸೇರುವ ಭಾಗದಲ್ಲೇ ಇರುವುದು. ಕಾಯಿ ಹಣ್ಣಾಗುವ ಮುಂಚೆ ಮಾಡಬೇಕು. ಎರಡನೇ ವರ್ಷ, ಮೂರನೇ ವರ್ಷ ಬೀಜದಿಂದ ಎದ್ದ ಸಸಿಗಳನ್ನು ಕೈಯಲ್ಲೇ ಕೀಳಬೇಕು. ಮೊದಲ ವರ್ಷದ ಉತ್ಸಾಹದಲ್ಲಿ ಇಡೀ ಗುಡ್ಡ ಸವರಬೇಡಿ. ಮುಂದಿನ ವರ್ಷಗಳಲ್ಲೂ ಕಾಯಲು ಆಗುವಷ್ಟೇ ಜಾಗಕ್ಕೆ ಕೈ ಹಾಕಿ. ಪೊದೆಯೊಳಗೆ ಗೂಡಿದ್ದರೆ ಆ ಪೊದೆಯನ್ನು ಸದ್ಯಕ್ಕೆ ಬಿಡಿ.

ಕಾಡು ನಿಜವಾಗಲೂ ಸುಧಾರಿಸ್ತಿದೆ ಅಂತ ಹೇಗೆ ಹೇಳ್ತೀರಿ?

ದುಬಾರಿ ಸಾಮಾನು ಬೇಡ, ಒಂದೇ ಥರ ಮತ್ತೆ ಮತ್ತೆ ಮಾಡುವ ಹಠ ಬೇಕು. ಒಂದೇ ಕಲ್ಲಿನ ಮೇಲೆ ನಿಂತು, ಒಂದೇ ದಿಕ್ಕಿಗೆ, ವರ್ಷದ ಅದೇ ತಿಂಗಳಲ್ಲಿ ಒಂದು ಫೋಟೋ. ಅದೇ ಕಾಲುದಾರಿಯಲ್ಲಿ, ಅದೇ ಹೊತ್ತಿಗೆ, ಅಷ್ಟೇ ಹೊತ್ತು ಹಕ್ಕಿ ಎಣಿಕೆ. ಇದನ್ನು ಹಕ್ಕಿ ಎಣಿಕೆ ಸೇರಿಸುವ ಇಬರ್ಡ್ ಜಾಲತಾಣಕ್ಕೆ ಹಾಕಿದರೆ ಬೇರೆಯವರ ಉಪಯೋಗಕ್ಕೂ ಬರುತ್ತದೆ.

ಪ್ರಾಣಿ ಎದುರು ಬಂದಾಗ ತಾನಾಗಿಯೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇದ್ದರೆ ಮೊಣಕಾಲೆತ್ತರಕ್ಕೆ ಕಟ್ಟಿ. ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಮುಖ ಮಾಡಬೇಡಿ, ಮುಂದಿನ ಹುಲ್ಲು ಸವರಿ, ಇಲ್ಲದಿದ್ದರೆ ಗಾಳಿಗೆ ಅಲ್ಲಾಡುವ ಎಲೆಯದ್ದೇ ಸಾವಿರ ಫೋಟೋ. ಪಟ್ಟೆ, ಚುಕ್ಕೆಯ ಪ್ರಾಣಿಗೆ ದಾರಿಯ ಎರಡೂ ಕಡೆ ಒಂದೊಂದು ಕ್ಯಾಮೆರಾ ಬೇಕು, ಯಾಕಂದರೆ ಎಡಮೈ ಪಟ್ಟೆಯೇ ಬೇರೆ, ಬಲಮೈ ಪಟ್ಟೆಯೇ ಬೇರೆ. ಒಂದೇ ಬದಿ ತೆಗೆದರೆ ಒಂದೇ ಪ್ರಾಣಿಯನ್ನು ಎರಡು ಅಂತ ಎಣಿಸಿಬಿಡುತ್ತೀರಿ. ನೋಡಿದ್ದರ ಜೊತೆ ಏನೂ ಕಾಣದ ದಿನವನ್ನೂ ಬರೆದಿಡಿ. ಬೇಜಾರಿನ ಕೆಲಸ, ಆದರೆ ಲೆಕ್ಕ ಸರಿಯಾಗುವುದು ಅದರಿಂದಲೇ.

## ಜನ, ಮನೆ, ಕಾಗದಪತ್ರ

ಸುತ್ತಮುತ್ತಲಿನವರು ಬೇಟೆ ಆಡ್ತಾರೆ, ಮರ ಕಡೀತಾರೆ. ಕಂಪ್ಲೇಂಟ್ ಕೊಡೋದಾ?

ಹೊರಗಿನಿಂದ ಗುಂಪು ಕಟ್ಟಿಕೊಂಡು ಬರುವವರಾದರೆ ಕೊಡಿ. ಪಕ್ಕದ ಮನೆಯವರಾದರೆ ಮೊದಲು ಮಾತಾಡಿ. ಕಾಡು ಬಲ್ಲವರು ಅವರೇ. ಪ್ರಾಣಿ ಎಲ್ಲಿ ನೀರು ಕುಡಿಯುತ್ತದೆ ಅಂತ ಗೊತ್ತಿರುವ ಬೇಟೆಗಾರನಿಗಿಂತ ಒಳ್ಳೆ ಗೈಡ್ ಎಲ್ಲಿ ಸಿಗುತ್ತಾನೆ? ಆದರೆ ಕೆಲಸ ಕೊಟ್ಟರೆ ವರ್ಷವಿಡೀ ಕೊಡಬೇಕು. ಸೀಸನ್‌ನಲ್ಲಿ ಮಾತ್ರ ಸಂಬಳ ಕೊಟ್ಟು ಮಳೆಗಾಲದಲ್ಲಿ ಮನೆಗೆ ಕಳಿಸಿದರೆ ಆ ತಿಂಗಳುಗಳಲ್ಲಿ ಅವರು ಏನು ಮಾಡಬೇಕು?

ಪೆರುವಿನ ಪೊಸಾದಾ ಅಮೆಜೋನಾಸ್ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿತು. ಅಲ್ಲಿನ ಇನ್ಫಿಯೆರ್ನೊ ಸಮುದಾಯ ಮತ್ತು ಒಂದು ಖಾಸಗಿ ಕಂಪನಿ 1996ರಲ್ಲಿ 20 ವರ್ಷದ ಒಪ್ಪಂದ ಮಾಡಿಕೊಂಡರು. ಲಾಭದಲ್ಲಿ ಶೇ. 60 ಸಮುದಾಯಕ್ಕೆ, ಶೇ. 40 ಕಂಪನಿಗೆ, ತೀರ್ಮಾನದಲ್ಲಿ ಇಬ್ಬರಿಗೂ ಪಾಲು. ಒಂದು ಮನೆಯವರ ಲಾಡ್ಜ್‌ಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಆದರೆ ತರಕಾರಿ, ಹಾಲು, ಗಾಡಿ, ರಿಪೇರಿ ಎಲ್ಲಾ ಪಕ್ಕದವರಿಂದಲೇ ತೆಗೆದುಕೊಂಡರೆ ಲಾಡ್ಜ್ ಉಳಿಯಲಿ ಅಂತ ಬಯಸುವ ಮನೆಗಳು ಹೆಚ್ಚುತ್ತವೆ.

ಗಂಡ ಹೆಂಡತಿ ಮಕ್ಕಳು ಎಲ್ಲಾ ಒಟ್ಟಿಗೆ ಕೆಲಸ ಮಾಡಿದ್ರೆ ಜಗಳ ಆಗಲ್ವಾ?

ಆಗುತ್ತದೆ. ಹೆಚ್ಚಿನ ಜಗಳ ಒಂದೇ ವಿಷಯಕ್ಕೆ: ಕಾಡು ಸುತ್ತುವ ಖುಷಿ ಒಬ್ಬರಿಗೆ, ಹಾಸಿಗೆ ಬಟ್ಟೆ ಒಗೆಯುವುದು, ಅಡುಗೆ ಇನ್ನೊಬ್ಬರಿಗೆ. ಅತಿಥಿಗಳು ಹೊಗಳುವುದೂ ಗೈಡ್‌ನನ್ನೇ. ನಮ್ಮಲ್ಲಿ ಕೆಲಸ ಬದಲಾಯಿಸಿಕೊಳ್ಳುತ್ತೇವೆ, ಮನೆಯವರಿಗೂ ಸಂಬಳ ಬರೆಯುತ್ತೇವೆ, ವಾರದಲ್ಲಿ ಒಂದು ದಿನ ಯಾರನ್ನೂ ಉಳಿಸಿಕೊಳ್ಳುವುದಿಲ್ಲ. ಅತಿಥಿಗಳು ಕಾಲಿಡದ ಒಂದು ಕೋಣೆ, ಒಂದು ಹಿತ್ತಲು ಮನೆಯವರಿಗೆ ಅಂತಲೇ ಇರಬೇಕು. ಮಕ್ಕಳು ಪರೀಕ್ಷೆಗೆ ಓದುವಾಗ ಊಟದ ಮೇಜಿನಲ್ಲಿ ಅಪರಿಚಿತರು ಕೂತಿರುವುದು ಒಂದು ವರ್ಷ ಚೆಂದ, ಆಮೇಲೆ ಅಲ್ಲ.

ಯಾವ ಸರ್ಟಿಫಿಕೇಟ್ ತಗೋಬೇಕು?

ಅವಸರವಿಲ್ಲ. ಗ್ಲೋಬಲ್ ಸಸ್ಟೇನಬಲ್ ಟೂರಿಸಂ ಕೌನ್ಸಿಲ್ ಒಂದು ಮಾನದಂಡಗಳ ಪಟ್ಟಿ ಇಟ್ಟಿದೆ. ಆಡಳಿತ, ಜನಜೀವನ, ಸಂಸ್ಕೃತಿ, ಪರಿಸರ ಹೀಗೆ ನಾಲ್ಕು ಭಾಗ. ಆ ಸಂಸ್ಥೆ ತಾನೇ ಹೋಟೆಲುಗಳಿಗೆ ಸರ್ಟಿಫಿಕೇಟ್ ಕೊಡುವುದಿಲ್ಲ, ಕೊಡುವವರನ್ನು ಪರೀಕ್ಷಿಸಿ ಮಾನ್ಯತೆಗೆ ದಾರಿ ಮಾಡುತ್ತದೆ. ಹಾಗಾಗಿ ಯಾರಾದರೂ ಹಸಿರು ಮುದ್ರೆ ಮಾರಲು ಬಂದರೆ ನಿಮಗೆ ಯಾರ ಮಾನ್ಯತೆ ಇದೆ, ಸ್ಥಳಕ್ಕೆ ಬಂದು ತಪಾಸಣೆ ಮಾಡುತ್ತೀರಾ ಅಂತ ಕೇಳಿ. ಫಾರಂ ತುಂಬಿ ದುಡ್ಡು ಕಟ್ಟಿದರೆ ಸಾಕು ಅನ್ನುವವರನ್ನು ಬಾಗಿಲಲ್ಲೇ ಕಳಿಸಿ. ಆ ಪಟ್ಟಿಯನ್ನು ಮಾತ್ರ ಓದಿ, ಸರ್ಟಿಫಿಕೇಟ್ ತೆಗೆದುಕೊಳ್ಳದಿದ್ದರೂ ನಿಮ್ಮ ಲಾಡ್ಜ್‌ನಲ್ಲಿ ಏನು ಕಡಿಮೆ ಇದೆ ಅಂತ ಗೊತ್ತಾಗುತ್ತದೆ.

ಕಾರ್ಬನ್ ಕ್ರೆಡಿಟ್‌ನಿಂದ ದುಡ್ಡು ಬರುತ್ತಂತೆ?

ಕಾಡು ಹೀರಿ ಹಿಡಿದಿಟ್ಟ ಇಂಗಾಲದ ಲೆಕ್ಕದಲ್ಲಿ ಸಿಗುವ ಹಣ ಅದು. ಕೆಲವೇ ಎಕರೆ ಇರುವವರಿಗೆ ಸಿಗುವುದು ಕಷ್ಟ. ಅಳತೆ, ದಾಖಲೆ, ಹೊರಗಿನವರ ಪರಿಶೀಲನೆಯ ಖರ್ಚೇ ಬರುವ ಹಣವನ್ನು ನುಂಗುತ್ತದೆ. ಅದೂ ಅಲ್ಲದೆ, ಹೇಗೂ ಉಳಿಯುತ್ತಿದ್ದ ಕಾಡಿಗೆ ಕ್ರೆಡಿಟ್ ಕೊಡುವುದಿಲ್ಲ. ಈ ಹಣ ಬಂದಿದ್ದರಿಂದಲೇ ಕಾಡು ಉಳಿಯಿತು ಅಂತ ತೋರಿಸಬೇಕು. ಕೋಸ್ಟರಿಕಾದ ದಾರಿ ಇದಕ್ಕಿಂತ ಸರಳ. 1996ರ ಅರಣ್ಯ ಕಾನೂನಿನ ಕೆಳಗೆ 1997ರಿಂದ ಸರ್ಕಾರವೇ ಕಾಡು ಉಳಿಸಿಕೊಂಡ ಜಮೀನಿನವರಿಗೆ ಹಣ ಕೊಡುತ್ತಿದೆ. ಅದರ ಒಂದು ದೊಡ್ಡ ಪಾಲು ಬರುವುದು ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆಯಿಂದ. ನಿಮ್ಮ ಕಡೆ ಅಂಥ ಯೋಜನೆ ಇದೆಯಾ ಅಂತ ಮೊದಲು ವಿಚಾರಿಸಿ.

ಮಕ್ಕಳಿಗೆ ಇದರಲ್ಲಿ ಆಸಕ್ತಿ ಇಲ್ಲ. ನಮ್ಮ ನಂತರ ಕಾಡಿನ ಗತಿ ಏನು?

ಲಾಡ್ಜ್ ಬೇರೆ, ಕಾಡು ಬೇರೆ ಅಂತ ಕಾಗದದಲ್ಲೇ ಬೇರ್ಪಡಿಸಿ. ಲಾಡ್ಜ್ ನಡೆಸುವುದು ಬಿಡುವುದು ಮಕ್ಕಳ ಇಷ್ಟ. ಕಾಡನ್ನು ಕಡಿಯದ ಹಾಗೆ ಈಗಲೇ ಕಟ್ಟುಹಾಕಬಹುದು.

ಕೋಸ್ಟರಿಕಾದ ಮೊಂತೆವರ್ದೆಗೆ 1951ರಲ್ಲಿ ಬಂದು ನೆಲೆಸಿದ ಕ್ವೇಕರ್ ಅನ್ನುವ ಕ್ರೈಸ್ತ ಪಂಗಡದ ಕುಟುಂಬಗಳು ಕೃಷಿಗೆ ಅಂತ ಕೊಂಡ ಜಾಗದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ನೀರಿನ ಮೂಲ ಉಳಿಯಲಿ ಅಂತ ಕಡಿಯದೆ ಬಿಟ್ಟರು. 1972ರಲ್ಲಿ ಅದರ ಪಕ್ಕದಲ್ಲೇ ಮೋಡಕಾಡಿನ ರಕ್ಷಿತ ಪ್ರದೇಶ ಶುರುವಾಯಿತು. 1987ರಲ್ಲಿ ಸ್ವೀಡನ್‌ನ ಶಾಲಾಮಕ್ಕಳು ಹಣ ಕೂಡಿಸಲು ತೊಡಗಿ, ಬೇರೆ ಬೇರೆ ದೇಶದ ಮಕ್ಕಳೂ ಸೇರಿ, ಇವತ್ತು ಅಲ್ಲಿ ಚಿಲ್ಡ್ರನ್ಸ್ ಎಟರ್ನಲ್ ರೇನ್‌ಫಾರೆಸ್ಟ್ ಅನ್ನುವ 22,000 ಹೆಕ್ಟೇರ್‌ಗೂ ದೊಡ್ಡ ಖಾಸಗಿ ಕಾಡಿದೆ. ಮೊದಲು ಬಿಟ್ಟವರ ಸ್ವಂತ ಮಕ್ಕಳೇ ಎಲ್ಲಾ ಮಾಡಬೇಕಾಗಿ ಬರಲಿಲ್ಲ.

ಕಾನೂನಿನ ದಾರಿಗಳು ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ. ಬ್ರೆಜಿಲ್‌ನಲ್ಲಿ ಜಮೀನಿನ ಒಡೆಯನೇ ಅರ್ಜಿ ಹಾಕಿ ತನ್ನ ಕಾಡನ್ನು ಶಾಶ್ವತ ಖಾಸಗಿ ರಕ್ಷಿತ ಪ್ರದೇಶ ಮಾಡಿಸಬಹುದು. ಒಡೆತನ ಅವನದ್ದೇ, ಮಾರಬಹುದು, ಆದರೆ ಕೊಂಡವರೂ ಕಡಿಯುವ ಹಾಗಿಲ್ಲ. ಸಂಶೋಧನೆ, ಕಲಿಕೆ, ಪ್ರವಾಸಕ್ಕೆ ಮಾತ್ರ ಅವಕಾಶ. ಅಮೆರಿಕದಲ್ಲಿ ಕನ್ಸರ್ವೇಷನ್ ಈಸ್‌ಮೆಂಟ್ ಅಂತ ಜಮೀನಿನ ಪತ್ರಕ್ಕೇ ಷರತ್ತು ಅಂಟಿಸುತ್ತಾರೆ, ಮುಂದಿನ ಒಡೆಯರಿಗೂ ಅದು ಅನ್ವಯ. ಇಂಥದ್ದೇನೂ ಇಲ್ಲದ ಕಡೆ ಟ್ರಸ್ಟ್ ಮಾಡುತ್ತಾರೆ. ಟ್ರಸ್ಟಿಗಳಲ್ಲಿ ಮನೆಯವರಲ್ಲದವರೂ ಇರಬೇಕು, ಇಲ್ಲದಿದ್ದರೆ ಮುಂದೆ ಮನೆಯವರೇ ಕೂತು ಟ್ರಸ್ಟನ್ನು ಬಿಚ್ಚಬಹುದು.

ಯಾವ ದಾರಿ ಹಿಡಿದರೂ ಮೊದಲು ಸರ್ವೆ ಮಾಡಿಸಿ ಗಡಿಕಲ್ಲು ನೆಡಿಸಿ, ಅಕ್ಕಪಕ್ಕದವರ ಸಹಿ ಹಾಕಿಸಿಕೊಳ್ಳಿ. ಅಣ್ಣತಮ್ಮಂದಿರ ಪಾಲಿನ ತಕರಾರು ಇದ್ದರೆ ಹಿರಿಯರು ಬದುಕಿರುವಾಗಲೇ ಬಗೆಹರಿಸಿಕೊಳ್ಳಿ. ಕಾಡಿನ ಖಾತೆಯಲ್ಲಿ ಇಬ್ಬರು ಕಾವಲುಗಾರರ ಎರಡು ವರ್ಷದ ಸಂಬಳವಾದರೂ ಯಾವಾಗಲೂ ಇರಲಿ, ಯಾಕಂದರೆ ಲಾಡ್ಜ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಆ ಸಮಯದಲ್ಲೇ ಗರಗಸ ಹಿಡಿದವರು ಬರುವುದು.